ಪಾತ್ರೆ ತೊಳೆಯೋ ಮಷಿನ್‌ಗೆ 3 ಲಕ್ಷ ಹಾಕಬಹುದಾ?

ನೆಂಟರದ್ದೋ ಊರಿನವರದ್ದೋ ಹೋಟೆಲ್ ಇದ್ದರೆ ಈ ಮಾತು ನೀವೂ ಕೇಳಿರ್ತೀರಿ: "ನೀನು ಕಂಪ್ಯೂಟರಿನವ ಅಲ್ವಾ ಮಾರಾಯ, ಈ ಮಷಿನ್ ತಗೊಂಡ್ರೆ ಗಿಟ್ಟುತ್ತಾ ನೋಡು."

ಥಾಣೆಯ ನೌಪಾಡಾದಲ್ಲಿ, ಗೋಖಲೆ ರೋಡ್ ಆಸುಪಾಸು ಒಂದು ಉಡುಪಿ ಹೋಟೆಲ್ ಅಂತ ಇಟ್ಕೊಳ್ಳಿ. ತಟ್ಟೆ-ಲೋಟ ತೊಳೆಯೋ ಮಷಿನ್‌ಗೆ ಜಿಎಸ್‌ಟಿ ಸೇರಿ 3 ಲಕ್ಷ. (ಸೇರಿಸಿಯೇ ಹಿಡೀರಿ. 5% ಜಿಎಸ್‌ಟಿ ಕಟ್ಟೋ ರೆಸ್ಟೋರೆಂಟ್‌ಗೆ ಇನ್‌ಪುಟ್ ಕ್ರೆಡಿಟ್ ಇಲ್ಲ.) ಸಂಬಳದಲ್ಲಿ ಉಳಿದದ್ದರಿಂದ ಕರೆಂಟು, ಸೋಪು, ರಿಪೇರಿ ಕಳೆದರೆ ವರ್ಷಕ್ಕೆ 90,000 ಉಳಿತಾಯ. 5 ವರ್ಷದ ಕೊನೆಗೆ ಮಾರಿದರೆ 30,000.

ಬಾಯಿಲೆಕ್ಕದಲ್ಲಿ 1,80,000 ಲಾಭ. ಆದರೆ ಐದನೇ ವರ್ಷದ 90,000 ಇವತ್ತಿನ 90,000 ಅಲ್ಲ. ಅದೇ ದುಡ್ಡು ಬೇರೆ ಕಡೆ 14% ದುಡಿಯುತ್ತಿತ್ತು ಅಂದ್ರೆ, ಮೊದಲ ವರ್ಷದ್ದನ್ನ 1.14ರಿಂದ ಒಮ್ಮೆ, ಐದನೆಯದನ್ನ ಐದು ಸಲ ಭಾಗಿಸಬೇಕು. ಆಗ ಇವತ್ತಿನ ಬೆಲೆ 78,947 ಮತ್ತು ಸುಮಾರು 46,740. ಎಲ್ಲಾ ಕೂಡಿಸಿ 3 ಲಕ್ಷ ಕಳೆದರೆ ಉಳಿಯೋದು ಸುಮಾರು 24,500. ಇದೇ ನೆಟ್ ಪ್ರೆಸೆಂಟ್ ವ್ಯಾಲ್ಯೂ, ಎನ್‌ಪಿವಿ. ಸೊನ್ನೆಗಿಂತ ಮೇಲಿದ್ದರೆ ತಗೋಬಹುದು.

ಎಕ್ಸೆಲ್‌ನ ಎನ್‌ಪಿವಿ ಫಂಕ್ಷನ್ ಮೊದಲ ಸಂಖ್ಯೆಯನ್ನ ಒಂದು ವರ್ಷ ಬಿಟ್ಟು ಬರೋ ಹಣ ಅಂತ ತಿಳ್ಕೊಳ್ಳುತ್ತೆ. ಹಾಗಾಗಿ ಇವತ್ತು ಕೊಡೋ 3 ಲಕ್ಷವನ್ನ ಫಂಕ್ಷನ್ ಒಳಗೆ ಹಾಕದೆ ಹೊರಗೆ ಕಳೀರಿ.

ದರ ಯಾವುದು ಹಾಕೋದು? ಎಫ್‌ಡಿ ಬಡ್ಡಿ ಹಾಕೋಣ ಅನ್ನಿಸಬಹುದು. ಹೋಟೆಲ್ ವ್ಯಾಪಾರದ ರಿಸ್ಕು ಎಫ್‌ಡಿ ರಿಸ್ಕಲ್ಲ. 18% ಹಾಕಿ ನೋಡಿ: ಅದೇ ಮಷಿನ್ ಸುಮಾರು 5,400 ಮೈನಸ್.

ಇದಕ್ಕಿಂತ ದೊಡ್ಡ ಪ್ರಶ್ನೆ, ಈ 5 ವರ್ಷ ಎಲ್ಲಿಂದ ಬಂತು? ಅದು ಮಷಿನ್ ಆಯಸ್ಸು, ಅಂಗಡಿಯದ್ದಲ್ಲ. ನೌಪಾಡಾದ ಹಳೇ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟ್‌ಗೆ ಹೋಗ್ತಿವೆ. ಲೀವ್ ಅಂಡ್ ಲೈಸೆನ್ಸ್ ಮೇಲಿರೋ ಹೋಟೆಲ್ ಮೂರೇ ವರ್ಷಕ್ಕೆ ಖಾಲಿ ಮಾಡಬೇಕಾಯ್ತು, ಮಷಿನ್ 1 ಲಕ್ಷಕ್ಕೆ ಹೋಯ್ತು ಅನ್ನಿ. 14% ದರದಲ್ಲೂ ಸುಮಾರು 23,500 ಲುಕ್ಸಾನು. ಹೊಸ ಜಾಗಕ್ಕೆ ಮಷಿನ್ ಹೊತ್ಕೊಂಡು ಹೋದರೆ ಬೇರೆ ಮಾತು, ಆದರೆ ಅಲ್ಲಿನ ನೀರಿನ ಲೈನು, ಕರೆಂಟ್ ಲೋಡಿನ ಖರ್ಚೂ ಲೆಕ್ಕಕ್ಕೆ ಬರಬೇಕು.

ಅದಕ್ಕೇ ಕೊಟೇಶನ್ ಜೊತೆ ಅಗ್ರಿಮೆಂಟಿನ ಫೋಟೋನೂ ವಾಟ್ಸಾಪ್ ಮಾಡೋಕೆ ಹೇಳಿ. ಅದರ ಕೊನೇ ತಾರೀಖು ನೋಡಿದ ಮೇಲೇ ಶೀಟಿನಲ್ಲಿ ಎಷ್ಟು ವರ್ಷ ಅಂತ ತುಂಬಿ.