ಒಂದೇ ಜೀನನ್ನು ನೆಚ್ಚಿದರೆ ಸಾಲದು

ಟೊಮೆಟೊ ಎಲೆಗೆ ಬೀಳುವ ಶಿಲೀಂಧ್ರ ರೋಗಕ್ಕೆ ಔಷಧಿ ಹೊಡೆಯುವುದೊಂದೇ ದಾರಿ ಎಂಬ ನಂಬಿಕೆ ಬಲವಾಗಿದೆ. ಆದರೆ ರೋಗ ತಡೆಯುವ ಗುಣ ಗಿಡದ ಕುಲದಲ್ಲೇ ಇದೆ. ಬೆಳೆಯುವ ತಳಿಗಳಲ್ಲಿ ಕಡಿಮೆ, ದಕ್ಷಿಣ ಅಮೆರಿಕದ ಕಾಡು ಜಾತಿಗಳಲ್ಲಿ ಹೆಚ್ಚು. ಪುಟ್ಟ ಕೆಂಪು ಹಣ್ಣಿನ ಅಂಥದೊಂದು ಕಾಡು ಟೊಮೆಟೊದಿಂದ ಬಂದ ಸಿಎಫ್-9 ಜೀನನ್ನು ಇಂಗ್ಲೆಂಡಿನ ನಾರಿಚ್‌ನ ಸೇನ್ಸ್‌ಬರಿ ಪ್ರಯೋಗಾಲಯದ ವಿಜ್ಞಾನಿಗಳು 1994ರಲ್ಲಿ ಬೇರ್ಪಡಿಸಿದರು. ಎಲೆ ಬೂಷ್ಟು ರೋಗದ ಶಿಲೀಂಧ್ರ ಸೂಸುವ ಒಂದು ಪ್ರೋಟೀನಿನ ಸುಳಿವು ಸಿಕ್ಕೊಡನೆ, ಈ ಜೀನಿರುವ ಗಿಡ ಸೋಂಕು ತಗುಲಿದ ಜಾಗದ ಜೀವಕೋಶಗಳನ್ನು ತಾನೇ ಸಾಯಿಸಿ ರೋಗಕ್ಕೆ ಹಾದಿ ಮುಚ್ಚುತ್ತದೆ.

ಹಾಗಾದರೆ ಈ ಜೀನೊಂದನ್ನು ಸೇರಿಸಿದರೆ ಮುಗಿಯಿತಲ್ಲ ಎನ್ನಬಹುದು. ಮುಗಿಯದು. ಆ ಪ್ರೋಟೀನನ್ನೇ ತಯಾರಿಸದ ಶಿಲೀಂಧ್ರಗಳು ಸಿಎಫ್-9ರ ಕಣ್ಣು ತಪ್ಪಿಸಿ ಬೆಳೆಯುತ್ತವೆ. ಎಲೆಯ ಮೇಲೆ ಉಂಗುರ ಉಂಗುರವಾಗಿ ಕಂದು ಚುಕ್ಕೆ ಮೂಡಿಸುವ ಆಲ್ಟರ್ನೇರಿಯಾ ಅಂಗಮಾರಿಯಲ್ಲಿ ಕಥೆಯೇ ಬೇರೆ: ಅಲ್ಲಿ ರೋಗನಿರೋಧವೆಂದರೆ ಹಲವು ಜೀನುಗಳು ಕೊಡುವ ಸಣ್ಣ ಸಣ್ಣ ಪಾಲು. ಅವನ್ನು ಕೂಡಿಸುವುದು ನಿಧಾನದ ಕೆಲಸ. ಆದರೆ ಹಲವು ಜೀನುಗಳ ತಡೆಯನ್ನು ಶಿಲೀಂಧ್ರ ಒಮ್ಮೆಗೇ ಮುರಿಯುವುದೂ ಕಷ್ಟ. ಕಾಡು ಜೀನಿನ ಜೊತೆಗೆ ಚಿಕ್ಕ ಹಣ್ಣು, ತಡವಾದ ಮಾಗುವಿಕೆಯೂ ಅಂಟಿಕೊಂಡು ಬರುತ್ತವೆ ಎಂಬ ಆಕ್ಷೇಪ ನಿಜ. ಒಳ್ಳೆಯ ತಳಿಯೊಂದಿಗೆ ಮತ್ತೆ ಮತ್ತೆ ಸಂಕರಿಸಿ, ಬೇಡದ ಭಾಗ ಕಳಚಿದ ಸಸಿಗಳನ್ನು ಡಿಎನ್ಎ ಗುರುತುಗಳಿಂದ ಆರಿಸುವುದು ಅದಕ್ಕೆ ಉತ್ತರ. ನಿರೋಧ ಮತ್ತು ಇಳುವರಿ ಒಟ್ಟಿಗೆ ಬಾಳಬಲ್ಲವು ಎಂಬುದಕ್ಕೆ ಎಲೆ ಮುದುರು ನಂಜು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಾಳುವ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಟೊಮೆಟೊ ತಳಿ ಅರ್ಕಾ ರಕ್ಷಕ್ ಸಾಕ್ಷಿ. ಇಂಥ ತಳಿ ಸಿಂಪಡಣೆಯನ್ನು ಪೂರ್ತಿ ನಿಲ್ಲಿಸದಿದ್ದರೂ ತಗ್ಗಿಸುತ್ತದೆ. ರೈತನಿಗೆ ಅದೇ ದೊಡ್ಡ ಉಳಿತಾಯ.