ಚಪಲಕ್ಕೆ ಬೀಗ ಹಾಕಿದ ಮಾತ್ರೆ

ಡೊಂಬಿವಲಿ ಸ್ಟೇಷನ್ ಪಕ್ಕದ ನನ್ನ ಮೆಡಿಕಲ್ ಅಂಗಡಿಗೆ ಗಣೇಶ ಚೌತಿ ಮುಗಿದ ವಾರದಲ್ಲಿ ತಪ್ಪದೆ ಬರುವ ಪ್ರಶ್ನೆ: “ಅಣ್ಣಾ, ತೂಕ ಇಳಿಸುವ ಮಾತ್ರೆ ಉಂಟಾ?” ಕೇಳುವವರ ಕೈಯಲ್ಲಿ ಎದುರಿನ ಗಾಡಿಯ ವಡಾಪಾವ್ ಪೊಟ್ಟಣ ಇನ್ನೂ ಬಿಸಿಯಿರುತ್ತದೆ. ಅಂಥವರಿಗೆ ನಾನು ರಿಮೋನಾಬಂಟ್ ಕತೆ ಹೇಳುತ್ತೇನೆ.

ಬೊಜ್ಜು ಕರಗಿಸಲೆಂದು ಯುರೋಪು 2006ರಲ್ಲಿ ಒಪ್ಪಿದ ಔಷಧಿ ಅದು. ದಿನಕ್ಕೊಂದು, 20 ಮಿಲಿಗ್ರಾಂ. ಸಿಗರೇಟು ಬಿಡಿಸಲೂ ಪ್ರಯೋಗಿಸಿ ನೋಡಿದ್ದರು. ಬಾಯಿಚಪಲಕ್ಕೂ ಸಿಗರೇಟಿಗೂ ಒಂದೇ ಮಾತ್ರೆ ಯಾಕೆಂದರೆ, ಎರಡರ ಖುಷಿಗೂ ಮಿದುಳಿನಲ್ಲಿ ಸಿಬಿ1 ಎಂಬ ಗ್ರಾಹಕದ ನೆರವು ಬೇಕು.

ಗಾಂಜಾದಲ್ಲಿ ಅಮಲೇರಿಸುವ ಟಿಎಚ್‌ಸಿ ಹೋಗಿ ಅಂಟಿಕೊಳ್ಳುವುದೂ ಅಲ್ಲಿಗೇ. ಹಾಗಂತ ಮಿದುಳು ಅದನ್ನು ಗಾಂಜಾಕ್ಕೆಂದು ಇಟ್ಟುಕೊಂಡದ್ದಲ್ಲ. ಅಲ್ಲಿ ಕೂರಬೇಕಾದ ನಮ್ಮದೇ ರಾಸಾಯನಿಕ ಆನಂದಮೈಡ್. ಜೆರುಸಲೇಮಿನಲ್ಲಿ ರಾಫೆಲ್ ಮೆಶೂಲಮ್ ಅವರ ತಂಡ ಅದನ್ನು ಪತ್ತೆಹಚ್ಚಿದ್ದು 1992ರಲ್ಲಿ. ನರಕೋಶ ಅದನ್ನು ಬೇಕಾದಾಗ ಮಾತ್ರ ತನ್ನ ಪೊರೆಯ ಕೊಬ್ಬಿನಿಂದ ತಯಾರಿಸುತ್ತದೆ. ಬಳಿಕ ಅದು ಸಂದೇಶ ಕಳಿಸಿದ ಕೋಶದತ್ತಲೇ ಹಿಂದಕ್ಕೆ ಸಾಗಿ ‘ಸಾಕು’ ಎನ್ನುತ್ತದೆ. ಬಯಕೆ ಹುಟ್ಟಿಸುವ ಡೋಪಮೈನ್ ಸೂಸುವ ಕೋಶಗಳನ್ನು ಅದುಮಿಟ್ಟ ಕೋಶಗಳಿಗೆ ಹೀಗೆ ‘ಸಾಕು’ ಎಂದಾಗ ಡೋಪಮೈನ್ ಏರುತ್ತದೆ, ನಮಗೆ ‘ಇನ್ನೊಂದು ವಡಾ’ ಅನಿಸುತ್ತದೆ. ಕೆಲಸ ಮುಗಿದ ಬೆನ್ನಿಗೇ ಕಿಣ್ವಗಳು ಆನಂದಮೈಡನ್ನು ಒಡೆದುಹಾಕುತ್ತವೆ.

ಟಿಎಚ್‌ಸಿ ಅಷ್ಟು ಬೇಗ ಜಾಗ ಖಾಲಿ ಮಾಡುವುದಿಲ್ಲ. ದಿನವೂ ಸೇದುವವನ ಮಿದುಳು ಕಾಟ ತಡೆಯಲಾರದೆ ಸಿಬಿ1 ಗ್ರಾಹಕಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಆಮೇಲೆ ಸೇದದಿದ್ದರೆ ನಿದ್ದೆ ಹತ್ತದು, ಊಟ ಸೇರದು, ಮಾತಿಗೆ ಮುಂಚೆ ಸಿಟ್ಟು. ಬಿಟ್ಟು ಸುಮಾರು ಒಂದು ತಿಂಗಳಾಗುವಾಗ ಗ್ರಾಹಕಗಳು ಬಹುಮಟ್ಟಿಗೆ ಮರಳುತ್ತವೆ.

ರಿಮೋನಾಬಂಟ್ ಈ ಗ್ರಾಹಕಗಳನ್ನು ಮುಚ್ಚಿತು. ತೂಕವೇನೋ ಇಳಿಯಿತು, ಆದರೆ ಖಿನ್ನತೆ, ಆತಂಕ, ಕೆಲವರಲ್ಲಿ ಆತ್ಮಹತ್ಯೆಯ ಯೋಚನೆ ಬೆನ್ನಟ್ಟಿದವು. ಮಾನಸಿಕ ತೊಂದರೆಯ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. 2007ರಲ್ಲಿ ಅಮೆರಿಕದ ತಜ್ಞರ ಸಮಿತಿ ಬೇಡವೆಂದಿತು, 2008ರಲ್ಲಿ ಯುರೋಪಿನಲ್ಲಿ ಮಾರಾಟ ನಿಂತಿತು, 2009ರ ಡಿಸೆಂಬರಿನಲ್ಲಿ ಭಾರತವೂ ನಿಷೇಧಿಸಿತು. ಚಪಲವನ್ನಷ್ಟೇ ಕಿತ್ತು ಖುಷಿಯನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಗಿರಾಕಿಗಳಲ್ಲಿ ಕಾಲೇಜು ಹುಡುಗರ ಅಮ್ಮಂದಿರೂ ಇರುತ್ತಾರೆ. “ಗಾಂಜಾ ಬಿಟ್ಟಿದ್ದಾನಂತೆ, ಆದರೆ ಮನೆಯವರ ಮೇಲೆಲ್ಲ ಹರಿಹಾಯುತ್ತಾನೆ, ಕೊಬ್ಬು” ಎಂದು ದೂರುತ್ತಾರೆ. ಅದು ಕೊಬ್ಬಲ್ಲ ಅಕ್ಕಾ, ಮಿದುಳು ಚೇತರಿಸಿಕೊಳ್ಳುವ ಹೊತ್ತು ಎನ್ನುತ್ತೇನೆ. ನಿದ್ದೆ ಮಾತ್ರೆ ನನ್ನಲ್ಲಿ ಕೇಳಬೇಡಿ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೂ ಮಾತಾಡುತ್ತಾರೆ. ಬೈಯುವುದನ್ನು ಮಾತ್ರ ಒಂದು ತಿಂಗಳು ಮುಂದೂಡಿ.