ಪಾಲಿಹೌಸಿನೊಳಗೂ ಮಳೆಗಾಲವಿದೆ

ದೊಣ್ಣೆ ಮೆಣಸಿನಕಾಯಿಯನ್ನು ಕೈಗೆತ್ತಿಕೊಂಡ ವ್ಯಾಪಾರಿ ಮೊದಲು ತಿರುಗಿಸಿ ನೋಡುವುದು ಅದರ ತಳವನ್ನು. ನಾಲ್ಕು ಉಬ್ಬುಗಳು ಸಮನಾಗಿ ಮೂಡಿದ್ದು, ಒತ್ತಿದಾಗ ಗಟ್ಟಿಯಿದ್ದರೆ ಒಳ್ಳೆಯ ದರ. ತಳದಲ್ಲಿ ಕಂದು ಕಲೆ ಕಂಡರೆ ಕಾಯಿ ಕ್ರೇಟಿನಿಂದ ಹೊರಗೆ.

ಈ ಕಲೆಯನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವವರು ಬಹಳ. ನಿಜವಾಗಿ ಅದು ಕ್ಯಾಲ್ಸಿಯಂ ಕೊರತೆ, ಅದೂ ಮಣ್ಣಿನಲ್ಲಲ್ಲ, ಕಾಯಿಯ ತುದಿಯಲ್ಲಿ. ಕ್ಯಾಲ್ಸಿಯಂ ಬೇರಿನಿಂದ ಮೇಲೇರುವುದು ನೀರಿನ ಜೊತೆಗೇ. ಏಪ್ರಿಲ್ ಬಿಸಿಲಿಗೆ ಬೆವರುವ ಎಲೆಗಳು ಆ ನೀರನ್ನೆಲ್ಲ ಸೆಳೆದುಕೊಂಡರೆ ಕಾಯಿಗೆ ಪಾಲು ಸಿಗದು. ಕರೆಂಟ್ ಕೈಕೊಟ್ಟು ಡ್ರಿಪ್ ಒಂದು ದಿನ ನಿಂತು ಮರುದಿನ ಒಮ್ಮೆಲೇ ಹರಿದರಂತೂ ಕಲೆ ಖಚಿತ. ಉಷ್ಣಾಂಶ 35 ಡಿಗ್ರಿ ದಾಟಿದರೆ ಪರಾಗ ಸೊರಗಿ ಹೂವೂ ಉದುರುತ್ತದೆ.

ಭದ್ರಾವತಿಯ ಬೇಸಿಗೆಗೆ ಇದು ಸರಿ. ಆದರೆ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಮಲೆನಾಡಿನ ಅಂಚು ತಾಗುತ್ತದೆ. ಜುಲೈನಲ್ಲಿ ದಿನಗಟ್ಟಲೆ ಮೋಡ. ಪಾಲಿಹೌಸಿನ ಶೀಟಿನ ಮೇಲೆ ಪಾಚಿ, ದೂಳು ಕೂತಿದ್ದರೆ ಇರುವ ಬೆಳಕೂ ಒಳಗಿಳಿಯದು. ಕಾಯಿಯ ಗೋಡೆ ತೆಳುವಾಗುತ್ತದೆ, ಬಣ್ಣ ತಿರುಗುವುದು ತಡವಾಗುತ್ತದೆ. ರಾತ್ರಿಯ ತೇವದ ಗಾಳಿಯಲ್ಲಿ ಎಲೆ ಬೆವರದು, ಬೇರು ಮಾತ್ರ ನೀರು ದೂಡುತ್ತಲೇ ಇರುತ್ತದೆ. ಆ ಒತ್ತಡಕ್ಕೆ ಹಣ್ಣಾಗುತ್ತಿರುವ ಕಾಯಿಯ ಸಿಪ್ಪೆಯಲ್ಲಿ ಕೂದಲೆಳೆಯಂಥ ಬಿರುಕುಗಳೇಳುತ್ತವೆ. ಬೆಳಕಿಗೆ ಹಿಡಿದರಷ್ಟೇ ಕಾಣುವ ಗೀರುಗಳು. ಅವುಗಳಿಂದ ತೇವ ಆರಿ, ಲಾರಿಯಲ್ಲಿ ಬೆಂಗಳೂರು ಮುಟ್ಟುವಾಗ ಕಾಯಿ ಬಾಡಿರುತ್ತದೆ.

ಡಿಸೆಂಬರಿನದು ಬೇರೆಯೇ ಕಥೆ. ರಾತ್ರಿ 15 ಡಿಗ್ರಿಗಿಂತ ಕೆಳಗಿಳಿದರೆ ಹೂವಿನಲ್ಲಿ ಬೀಜ ಸರಿಯಾಗಿ ಕಟ್ಟದೆ ಕಾಯಿ ಚಪ್ಪಟೆಯಾಗಿ, ತುದಿ ಚೂಪಾಗುತ್ತದೆ. ಸಂಜೆ ಬಿಸಿಲಿರುವಾಗಲೇ ಪಕ್ಕದ ಪರದೆ ಇಳಿಸಿದರೆ ಇದು ಬಹುಪಾಲು ತಪ್ಪುತ್ತದೆ. ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ: ಇರಚಲು ಹೊಡೆಯದಷ್ಟೂ ಹೊತ್ತು ಪರದೆ ತೆರೆದಿರಬೇಕು, ಸಂಜೆಯ ನೀರು ಬಿಡಲೇಬಾರದು.

ಬೆಂಗಳೂರು ಗ್ರಾಮಾಂತರ, ಕೋಲಾರದ ಒಣಸೀಮೆಯಲ್ಲಿ ಪಳಗಿದ ವೇಳಾಪಟ್ಟಿಯನ್ನು ಶಿವಮೊಗ್ಗಕ್ಕೆ ಹಾಗೆಯೇ ತಂದರೆ ನಷ್ಟ ರೈತನಿಗೇ. ಪಾಲಿಹೌಸ್ ಮಳೆಹನಿಯನ್ನು ತಡೆಯುತ್ತದೆ, ಮೋಡ ಮತ್ತು ತೇವವನ್ನು ತಡೆಯದು. ಸಹಾಯಧನ ಪಡೆದು ಕಟ್ಟುವವರು ಶೀಟು, ಕಂಬಗಳ ಜೊತೆ ಉಷ್ಣಾಂಶ, ತೇವಾಂಶ ತೋರುವ ಸಣ್ಣ ಮಾಪಕವೊಂದನ್ನು ಗಿಡದ ಎತ್ತರಕ್ಕೆ ತೂಗುಹಾಕಬೇಕು. ಅದಿಲ್ಲದೆ ಪರದೆ ಎತ್ತುವುದೂ ಇಳಿಸುವುದೂ ಊಹೆಯ ಮೇಲೆ. ನಾಟಿಯ ವಾರವನ್ನು ಶಿವಮೊಗ್ಗದ ನವಿಲೆಯ ಕೃಷಿ ಕಾಲೇಜಿನವರ ಜೊತೆ ಕೂತು ನಿಶ್ಚಯಿಸುವುದು ಒಳ್ಳೆಯದು. ಕೆಂಪು, ಹಳದಿ ಬಣ್ಣ ತಿರುಗಲು ಕಾಯಿ ಇನ್ನೆರಡು ಮೂರು ವಾರ ಗಿಡದಲ್ಲೇ ಇರಬೇಕು. ಜಡಿಮಳೆಯಲ್ಲಿ ಅಷ್ಟು ಕಾದು ಬಿರುಕು ಬಿಡಿಸಿಕೊಳ್ಳುವುದಕ್ಕಿಂತ, ದರ ಕಡಿಮೆಯಾದರೂ ಹಸಿರಿನಲ್ಲೇ ಕೊಯ್ದು ಹತ್ತಿರದ ಪೇಟೆಗೆ ಹಾಕುವುದೇ ಲೇಸು.